ಫೈಲ್ ಓಪನ್ ಮಾಡಿದ್ರೆ ಎಕ್ಸೆಲ್ ಕ್ಲೋಸ್ ಆಗ್ತಿದೆ, ನೆಟ್‌ವರ್ಕ್ ಪ್ರಿಂಟರ್ ಕಾರಣ ಇರಬಹುದಾ?

ಲೆಕ್ಕದ_ಟೇಬಲ್:
ಎಲ್ರಿಗೂ ನಮಸ್ಕಾರ. ನಾನು ಅಕೌಂಟ್ಸ್‌ನಲ್ಲಿ ಕೆಲ್ಸ ಮಾಡೋಳು, ನಮ್ಮಲ್ಲಿ ಐಟಿಗೆ ಅಂತ ಬೇರೆ ಜನ ಇಲ್ಲ, ಹಾಗಾಗಿ ಕಂಪ್ಯೂಟರ್ ಏನೇ ಕೆಟ್ಟರೂ ನನ್ನ ಹತ್ರಾನೇ ಬರುತ್ತೆ. ಈಚೆಗೆ ಆಫೀಸಿಗೆ ಒಂದು ಹೊಸ ನೆಟ್‌ವರ್ಕ್ ಪ್ರಿಂಟರ್ ಬಂತು, ಪ್ರಿಂಟ್, ಸ್ಕ್ಯಾನ್, ಕಾಪಿ ಎಲ್ಲಾ ಒಂದರಲ್ಲೇ ಇರೋದು, ಅದನ್ನ ಎಲ್ಲಾ ಸಿಸ್ಟಮ್‌ಗೂ ಸೇರಿಸಿದ್ವಿ. ಅವತ್ತಿಂದ ಕೆಲವು ಸಿಸ್ಟಮ್‌ನಲ್ಲಿ ಎಕ್ಸೆಲ್ ಫೈಲ್ ಓಪನ್ ಮಾಡಿದ್ರೆ ಒಂದು ಕ್ಷಣ ಶೀಟ್ ಕಾಣಿಸಿ ಹಂಗೇ ಮಾಯ, ಎರರ್ ಮೆಸೇಜ್ ಕೂಡ ಬರಲ್ಲ. ವರ್ಡ್ ಓಪನ್ ಆಗುತ್ತೆ ಆದ್ರೆ ಕಂಟ್ರೋಲ್ ಪಿ ಒತ್ತಿದ ತಕ್ಷಣ ಹೋಗ್ಬಿಡುತ್ತೆ. ಇನ್ನು ಲ್ಯಾಪ್‌ಟಾಪ್ ಮನೆಗೆ ತಗೊಂಡು ಹೋಗೋರದ್ದು ಬೇರೆ ಕಥೆ, ಅವರಿಗೆ ಕ್ರ್ಯಾಶ್ ಆಗಲ್ಲ, ಆದ್ರೆ ಫೈಲ್ ಓಪನ್ ಆಗೋಕೆ ತುಂಬಾ ಹೊತ್ತು ಹಿಡಿಯುತ್ತೆ, ಮೇಲೆ ನಾಟ್ ರೆಸ್ಪಾಂಡಿಂಗ್ ಅಂತ ಬಂದು ಸ್ಕ್ರೀನ್ ಬೆಳ್ಳಗಾಗುತ್ತೆ.

ಆಫೀಸ್ ರಿಪೇರಿ ಮಾಡಿದೆ, ಆನ್‌ಲೈನ್ ರಿಪೇರಿನೂ ಆಯ್ತು, ಆಡ್-ಇನ್ ಎಲ್ಲಾ ಆಫ್ ಮಾಡಿದೆ, ಎಕ್ಸೆಲ್ ಸೇಫ್ ಮೋಡ್‌ನಲ್ಲಿ ತೆಗೆದ್ರೂ ಅದೇ. ಜೊತೆಗಿರೋರು ಒಬ್ರು ಇದು ಪ್ರಿಂಟರ್ ಡ್ರೈವರ್ ಸಮಸ್ಯೆ ಅಂತಿದಾರೆ. ನನಗೆ ಅರ್ಥ ಆಗದೇ ಇರೋದು ಏನಂದ್ರೆ ನಾನು ಪ್ರಿಂಟೇ ಕೊಟ್ಟಿಲ್ವಲ್ಲ, ಬರೀ ಫೈಲ್ ತೆಗೀತಿದೀನಿ, ಅದಕ್ಕೂ ಪ್ರಿಂಟರ್‌ಗೂ ಏನ್ ಸಂಬಂಧ? ಸಂಬಳದ ಶೀಟ್ ಎಲ್ಲಾ ಇದರಲ್ಲೇ ಇದೆ, ದಯವಿಟ್ಟು ಗೊತ್ತಿರೋರು ಹೇಳಿ.

ಸ್ಪೂಲರ್_ಸ್ನೇಹಿತ:
ಮೇಡಂ, ನಿಮ್ಮ ಜೊತೆಗಿರೋರು ಹೇಳಿದ್ದು ಸರಿ ಇರೋ ಚಾನ್ಸೇ ಜಾಸ್ತಿ. ಪ್ರಿಂಟ್ ಕೊಡದೇ ಇದ್ರೂ ಎಕ್ಸೆಲ್ಲು, ವರ್ಡು ಡೀಫಾಲ್ಟ್ ಪ್ರಿಂಟರ್ ಹತ್ರ ವಿಚಾರಿಸ್ತಾನೇ ಇರ್ತವೆ. ಹಾಳೆ ಸೈಜ್ ಎಷ್ಟು, ಅಂಚಲ್ಲಿ ಎಷ್ಟು ಜಾಗ ಬಿಟ್ಟು ಪ್ರಿಂಟ್ ಮಾಡಕ್ಕಾಗುತ್ತೆ, ರೆಸಲ್ಯೂಶನ್ ಎಷ್ಟು, ಇದೆಲ್ಲಾ ಗೊತ್ತಾದ್ರೇನೇ ಪೇಜ್ ಎಲ್ಲಿ ಮುಗೀಬೇಕು ಅಂತ ಅದು ಲೆಕ್ಕ ಹಾಕೋದು. ಬಟ್ಟೆಗೆ ಕತ್ತರಿ ಹಾಕೋಕ್ ಮುಂಚೆ ಟೈಲರ್ ಅಳತೆ ಕೇಳ್ದಂಗೆ. ಆ ಅಳತೆ ಹೇಳೋದು ಪ್ರಿಂಟರ್ ಡ್ರೈವರ್, ಅಂದ್ರೆ ವಿಂಡೋಸ್‌ಗೂ ಪ್ರಿಂಟರ್‌ಗೂ ಮಧ್ಯೆ ಮಾತಾಡೋ ಸಾಫ್ಟ್‌ವೇರ್, ಮತ್ತೆ ಮುಖ್ಯವಾದ ವಿಷಯ ಏನಂದ್ರೆ ಡ್ರೈವರ್‌ನ ಕೆಲವು ಡಿಎಲ್‌ಎಲ್ ಫೈಲ್‌ಗಳು (ಬೇರೆ ಪ್ರೋಗ್ರಾಂ ಒಳಗೆ ಸೇರ್ಕೊಂಡು ಓಡೋ ಕೋಡ್) ಎಕ್ಸೆಲ್ ಪ್ರೋಸೆಸ್ ಒಳಗೇ ಬಂದು ಲೋಡ್ ಆಗ್ತವೆ. ಅಲ್ಲಿ ಡ್ರೈವರ್ ಕೋಡ್ ಮುಟ್ಟಬಾರದ ಮೆಮೊರಿ ಮುಟ್ಟಿದ್ರೆ ವಿಂಡೋಸ್ ಕ್ಲೋಸ್ ಮಾಡೋದು ಎಕ್ಸೆಲ್ ಅನ್ನ. ತಪ್ಪು ಡ್ರೈವರ್‌ದು, ಬೀಳೋದು ಎಕ್ಸೆಲ್ಲು. ಅದಕ್ಕೇ ನೀವು ಆಫೀಸ್ ಎಷ್ಟು ಸಲ ರಿಪೇರಿ ಮಾಡಿದ್ರೂ ಏನೂ ಬದಲಾಗಿಲ್ಲ. ಸೇಫ್ ಮೋಡ್‌ನಲ್ಲೂ ಆಡ್-ಇನ್ ನಿಲ್ಲುತ್ತೆ ಅಷ್ಟೇ, ಪ್ರಿಂಟರ್ ಡ್ರೈವರ್ ನಿಲ್ಲಲ್ಲ.

ಊಹೆ ಮಾಡೋದು ಬೇಡ, ವಿಂಡೋಸ್‌ನಲ್ಲಿ ಆದ ಎರರ್‌ಗಳ ದಾಖಲೆ ತೋರಿಸೋ ಈವೆಂಟ್ ವ್ಯೂವರ್ ತೆಗೀರಿ, ವಿಂಡೋಸ್ ಲಾಗ್ಸ್ ಒಳಗೆ ಅಪ್ಲಿಕೇಶನ್ ಅಂತಿದೆ, ಅದರಲ್ಲಿ ಎಕ್ಸೆಲ್ ಬಿದ್ದ ಟೈಮಿಗೆ ಅಪ್ಲಿಕೇಶನ್ ಎರರ್, ಈವೆಂಟ್ ಐಡಿ 1000 ಅಂತ ಕೆಂಪು ಗುರುತಿನ ಎಂಟ್ರಿ ಇರುತ್ತೆ. ಅದರ ಮೇಲೆ ಕ್ಲಿಕ್ ಮಾಡಿದ್ರೆ ಕೆಳಗೆ ಫಾಲ್ಟಿಂಗ್ ಮಾಡ್ಯೂಲ್ ನೇಮ್, ಮತ್ತೆ ಅದರ ಪಾತ್ ಇರುತ್ತೆ. ಪಾತ್‌ನಲ್ಲಿ ಸಿಸ್ಟಮ್32 ಆದ್ಮೇಲೆ ಸ್ಪೂಲ್, ಡ್ರೈವರ್ಸ್, ಎಕ್ಸ್64, 3 ಅಂತ ಬಂದ್ರೆ ಅದು ಪ್ರಿಂಟರ್ ಡ್ರೈವರ್ರೇ, ಬೇರೆ ಸಾಕ್ಷಿ ಬೇಕಿಲ್ಲ. ಎನ್‌ಟಿಡಿಎಲ್‌ಎಲ್ ಅಥವಾ ಕರ್ನಲ್‌ಬೇಸ್ ಅಂತ ಬಂದ್ರೆ ಮಾತ್ರ ತೀರ್ಮಾನಕ್ಕೆ ಬರಬೇಡಿ, ಅವು ವಿಂಡೋಸ್‌ದೇ ಫೈಲ್‌ಗಳು, ಬೇರೆ ಯಾರೋ ಮೆಮೊರಿ ಕೆಡಿಸಿ ಹೋಗಿರ್ತಾರೆ, ಬಿದ್ದ ಜಾಗ ಮಾತ್ರ ಅದಾಗಿರುತ್ತೆ.

ಆಮೇಲೆ ಡೀಫಾಲ್ಟ್ ಪ್ರಿಂಟರ್ ಬದಲಾಯಿಸಿ ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್ ಮಾಡಿ ಅದೇ ಫೈಲ್ ತೆಗೆದು ನೋಡಿ. ವಿಂಡೋಸ್ 10 ಇಂದ ಈಚೆಗೆ ಅದು ಸಾಮಾನ್ಯವಾಗಿ ಸಿಸ್ಟಮ್‌ನಲ್ಲೇ ಇರುತ್ತೆ. ಏನಾಯ್ತು ಅಂತ ಇಲ್ಲೇ ಹಾಕಿ.

ಕೀಬೋರ್ಡ್_ಕಟ್ಟೆ:
ನಾನಾದ್ರೆ ಸರ್ವೀಸಸ್‌ಗೆ ಹೋಗಿ ಪ್ರಿಂಟ್ ಸ್ಪೂಲರ್ (ವಿಂಡೋಸ್‌ನಲ್ಲಿ ಪ್ರಿಂಟ್ ಕೆಲ್ಸ ನೋಡ್ಕೊಳ್ಳೋ ಸರ್ವೀಸ್) ಸ್ಟಾಪ್ ಮಾಡಿ ಡಿಸೇಬಲ್ ಮಾಡ್ಬಿಡ್ತೀನಿ, ಎಲ್ಲಾ ಕ್ರ್ಯಾಶ್ ನಿಂತೋಗುತ್ತೆ.

ಸ್ಪೂಲರ್_ಸ್ನೇಹಿತ:
ಸ್ಪೂಲರ್ ನಿಲ್ಲಿಸಿ ಒಂದ್ಸಲ ಫೈಲ್ ತೆಗೆದು ನೋಡೋದು ಟೆಸ್ಟ್‌ಗೆ ಒಳ್ಳೇದೇ, ಆಗ ಕ್ರ್ಯಾಶ್ ಆಗ್ಲಿಲ್ಲ ಅಂದ್ರೆ ಪ್ರಿಂಟಿಂಗ್ ಕಡೆದೇ ಸಮಸ್ಯೆ ಅಂತ ಖಾತ್ರಿ. ಆದ್ರೆ ಹಂಗೇ ಬಿಟ್ರೆ ಒಂದು ಪ್ರಿಂಟರ್ರೂ ಕಾಣಿಸಲ್ಲ, ಪಿಡಿಎಫ್ ಪ್ರಿಂಟರ್ ಕೂಡ ಸ್ಪೂಲರ್ ಮೇಲೇ ನಡೆಯೋದು. ಅಕೌಂಟ್ಸ್‌ನೋರಿಗೆ ಪೇಜ್ ಬ್ರೇಕು, ಪ್ರಿಂಟ್ ಪ್ರಿವ್ಯೂ ಇಲ್ದೆ ಕೆಲ್ಸ ಆಗಲ್ಲ. ಟೆಸ್ಟ್ ಆದ್ಮೇಲೆ ತಪ್ಪದೇ ವಾಪಸ್ ಸ್ಟಾರ್ಟ್ ಮಾಡ್ಬೇಕು.

ಲೆಕ್ಕದ_ಟೇಬಲ್:
ತುಂಬಾ ಥ್ಯಾಂಕ್ಸ್ ಸರ್. ನೋಡಿದೆ, 1000 ನಂಬರಿನ ಎಂಟ್ರಿಗಳು ಸಾಲಾಗಿ ಇದಾವೆ, ಎಲ್ಲದರಲ್ಲೂ ಒಂದೇ ಡಿಎಲ್‌ಎಲ್ ಹೆಸರು, ಪಾತ್ ನೀವು ಹೇಳಿದ ಸ್ಪೂಲ್ ಡ್ರೈವರ್ಸ್ ಫೋಲ್ಡರ್ರೇ. ವರ್ಡ್ ಬಿದ್ದಾಗಲೂ ಅದೇ ಡಿಎಲ್‌ಎಲ್. ಪಿಡಿಎಫ್ ಡೀಫಾಲ್ಟ್ ಮಾಡಿದ್ಮೇಲೆ ಬಹಳಷ್ಟು ಫೈಲ್ ಸಲೀಸಾಗಿ ಓಪನ್ ಆಗ್ತಿದಾವೆ. ಆದ್ರೆ ಎರಡು ತೊಂದರೆ ಉಳಿದಿದೆ. ಡೀಫಾಲ್ಟ್ ತಾನಾಗೇ ಮತ್ತೆ ಹೊಸ ಪ್ರಿಂಟರ್‌ಗೆ ಹೋಗ್ಬಿಡುತ್ತೆ, ಯಾರೂ ಬದಲಾಯಿಸಿಲ್ಲ. ಇನ್ನೊಂದು, ಸಂಬಳದ ಫೈಲ್ ಒಂದು ಮಾತ್ರ ಪಿಡಿಎಫ್ ಡೀಫಾಲ್ಟ್ ಇದ್ರೂ ಬೀಳ್ತಿದೆ, ಅದೇ ಫೈಲ್ ಹಳೇ ಸಿಸ್ಟಮ್‌ನಲ್ಲಿ, ಅಂದ್ರೆ ಹೊಸ ಪ್ರಿಂಟರ್ ಇನ್ನೂ ಹಾಕದೇ ಇರೋದ್ರಲ್ಲಿ, ಓಪನ್ ಆಗುತ್ತೆ.

ಸ್ಪೂಲರ್_ಸ್ನೇಹಿತ:
ಮೊದಲನೇದು ಸುಲಭ. ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್ ಪುಟದಲ್ಲಿ, ಡೀಫಾಲ್ಟ್ ಪ್ರಿಂಟರ್ ಅನ್ನ ವಿಂಡೋಸೇ ನೋಡ್ಕೊಳ್ಳಲಿ ಅನ್ನೋ ಅರ್ಥದ ಒಂದು ಸ್ವಿಚ್ ಇದೆ. ಅದು ಆನ್ ಇದ್ರೆ ಆ ಜಾಗದಲ್ಲಿ ಕೊನೇ ಸಲ ಯಾವ ಪ್ರಿಂಟರ್‌ಗೆ ಪ್ರಿಂಟ್ ಕೊಟ್ರೋ ಅದೇ ಡೀಫಾಲ್ಟ್ ಆಗುತ್ತೆ. ಆಫ್ ಮಾಡಿ, ಆಮೇಲೆ ಪಿಡಿಎಫ್ ಸೆಟ್ ಮಾಡಿ, ನಿಲ್ಲುತ್ತೆ.

ಎರಡನೇದು ಸ್ವಲ್ಪ ಆಳದ್ದು. ಎಕ್ಸೆಲ್ ಫೈಲ್ ಸೇವ್ ಮಾಡುವಾಗ ಶೀಟ್ ಜೊತೆಗೆ ಆಗಿನ ಪ್ರಿಂಟರ್ ಸೆಟ್ಟಿಂಗ್ ಕೂಡ ಫೈಲ್ ಒಳಗೇ ಕೂರುತ್ತೆ. ಎಕ್ಸ್‌ಎಲ್‌ಎಸ್‌ಎಕ್ಸ್ ಅಂದ್ರೆ ಒಳಗಿಂದ ಜಿಪ್ ಫೈಲೇ. ಒಂದು ಕಾಪಿ ಮಾಡ್ಕೊಂಡು ಅದರ ಎಕ್ಸ್‌ಟೆನ್ಶನ್ ಜಿಪ್ ಅಂತ ಬದಲಾಯಿಸಿ ತೆಗೆದ್ರೆ ಎಕ್ಸ್‌ಎಲ್ ಫೋಲ್ಡರ್ ಒಳಗೆ ಪ್ರಿಂಟರ್‌ಸೆಟ್ಟಿಂಗ್ಸ್ ಅಂತ ಇನ್ನೊಂದು ಫೋಲ್ಡರ್, ಅದರಲ್ಲಿ ಪ್ರಿಂಟರ್‌ಸೆಟ್ಟಿಂಗ್ಸ್1 ಅಂತ ಒಂದು ಬಿನ್ ಫೈಲ್ ಕಾಣಿಸುತ್ತೆ. ಅದರ ಮೊದಲ ಭಾಗ ಎಲ್ಲಾ ಪ್ರಿಂಟರ್‌ಗೂ ಒಂದೇ ಥರ ಇರುತ್ತೆ, ಹಾಳೆ ಸೈಜು, ಅಡ್ಡ ಉದ್ದ, ಕಾಪಿ ಎಷ್ಟು ಅಂತ. ಅದರ ಹಿಂದೆ ಆ ಡ್ರೈವರ್‌ಗೆ ಮಾತ್ರ ಅರ್ಥ ಆಗೋ ಖಾಸಗಿ ಭಾಗ ಅಂಟ್ಕೊಂಡಿರುತ್ತೆ. ಫೈಲ್ ಓಪನ್ ಆದಾಗ ಈ ಗಂಟು ಪೂರ್ತಿ ಡ್ರೈವರ್ ಕೈಗೆ ಹೋಗುತ್ತೆ. ಒಳ್ಳೆ ಡ್ರೈವರ್ ಆದ್ರೆ ಇದರ ಅಳತೆ, ವರ್ಶನ್ ಚೆಕ್ ಮಾಡಿ ತನ್ನದಲ್ಲ ಅಂದ್ರೆ ಬಿಟ್ಟಾಕುತ್ತೆ. ಚೆಕ್ ಮಾಡದೇ ಓದೋ ಡ್ರೈವರ್ ಆದ್ರೆ ಅಲ್ಲೇ ಬೀಳುತ್ತೆ. ನಿಮ್ಮ ಫೈಲ್ ಹಳೇ ಸಿಸ್ಟಮ್‌ನಲ್ಲಿ ಓಪನ್ ಆಗೋದೂ ಇದಕ್ಕೆ ಹೊಂದುತ್ತೆ, ಅಲ್ಲಿ ಆ ಡ್ರೈವರ್ರೇ ಇಲ್ಲ.

ಹಂಗಾಗಿ ಆ ಹಳೇ ಸಿಸ್ಟಮ್‌ನಲ್ಲೇ ಫೈಲ್‌ನ ಒಂದು ಕಾಪಿ ತೆಗೀರಿ, ಪ್ರಿಂಟ್ ಪುಟಕ್ಕೆ ಹೋಗಿ ಪಿಡಿಎಫ್ ಪ್ರಿಂಟರ್ ಸೆಲೆಕ್ಟ್ ಮಾಡಿ, ಪೇಜ್ ಸೆಟಪ್‌ನಲ್ಲಿ ಹಾಳೆ ಸೈಜ್ ಬದಲಾಯಿಸಿ ಮತ್ತೆ ಎ4 ಮಾಡಿ, ಬೇರೆ ಹೆಸರಲ್ಲಿ ಸೇವ್ ಮಾಡಿ. ಶೀಟ್ ಜಾಸ್ತಿ ಇದ್ರೆ ಪ್ರತಿ ಶೀಟಿಗೂ ಮಾಡ್ಬೇಕು, ಯಾಕಂದ್ರೆ ಸೆಟ್ಟಿಂಗ್ ಶೀಟ್ ಶೀಟಿಗೂ ಬೇರೆ ಬೇರೆ ಇರುತ್ತೆ. ಜಿಪ್ ಒಳಗಿಂದ ಬಿನ್ ಫೈಲ್ ಡಿಲೀಟ್ ಮಾಡೋಣ ಅಂತ ಅನ್ಸಬಹುದು, ಸಂಬಳದ ಫೈಲ್ ಮೇಲೆ ಅದು ಬೇಡ, ಶೀಟ್ ಒಳಗೆ ಅದನ್ನ ಕರೆಯೋ ಸಾಲು ಉಳ್ಕೊಂಡು ಎಕ್ಸೆಲ್ ಫೈಲ್ ಹಾಳಾಗಿದೆ, ರಿಪೇರಿ ಮಾಡ್ಲಾ ಅಂತ ಕೇಳೋಕೆ ಶುರುಮಾಡುತ್ತೆ.

ಕೇಬಲ್_ಮತ್ತು_ಪೋರ್ಟ್:
ಮೇಲಿನದಕ್ಕೆ ನನ್ನದೊಂದು ಮಾತು ಸೇರಿಸ್ತೀನಿ, ಮನೆಗೆ ತಗೊಂಡು ಹೋಗೋ ಲ್ಯಾಪ್‌ಟಾಪ್‌ಗಳದ್ದು ಬೇರೆ ಕಾಯಿಲೆ, ಅದನ್ನ ಇದರ ಜೊತೆ ಕಲೆಸಬೇಡಿ. ಅಲ್ಲಿ ಈವೆಂಟ್ ವ್ಯೂವರ್‌ನಲ್ಲಿ 1000 ಸಿಗಲ್ಲ, ಸಿಕ್ಕಿದ್ರೆ 1002 ಸಿಗುತ್ತೆ, ಅಂದ್ರೆ ಅಪ್ಲಿಕೇಶನ್ ಹ್ಯಾಂಗ್. ಡೀಫಾಲ್ಟ್ ಪ್ರಿಂಟರ್ ಆಫೀಸ್ ನೆಟ್‌ವರ್ಕ್‌ನಲ್ಲಿದೆ, ಲ್ಯಾಪ್‌ಟಾಪ್ ಮನೇಲಿದೆ, ಎಕ್ಸೆಲ್ ಕೇಳಿದ ಪ್ರಶ್ನೆಗೆ ಉತ್ತರ ಕೊಡೋರು ಯಾರೂ ಇಲ್ಲ, ಟೈಮ್‌ಔಟ್ ಆಗೋ ತನಕ ಕಾಯುತ್ತೆ. ಅವರಿಗೆ ಡ್ರೈವರ್ ಬದಲಾಯಿಸೋದಕ್ಕಿಂತ ಡೀಫಾಲ್ಟ್ ಪಿಡಿಎಫ್‌ನಲ್ಲೇ ಬಿಡೋದು ಒಳ್ಳೇದು, ಪ್ರಿಂಟ್ ಬೇಕಾದಾಗ ಮಾತ್ರ ಲಿಸ್ಟಿಂದ ಆಫೀಸ್ ಪ್ರಿಂಟರ್ ಆರಿಸ್ಕೊಳ್ಳಲಿ.

ಆಫೀಸಲ್ಲೇ ಇರೋ ಸಿಸ್ಟಮ್‌ಗಳಲ್ಲೂ ಪೋರ್ಟ್ ಒಂದ್ಸಲ ನೋಡಿ. ಪ್ರಿಂಟರ್ ಪ್ರಾಪರ್ಟೀಸ್‌ನಲ್ಲಿ ಪೋರ್ಟ್ಸ್ ಟ್ಯಾಬ್‌ನಲ್ಲಿ ಡಬ್ಲ್ಯುಎಸ್‌ಡಿ ಅಂತ ಶುರುವಾಗೋ ಹೆಸರಿಗೆ ಟಿಕ್ ಇದ್ರೆ, ವಿಂಡೋಸ್ ತಾನೇ ಹುಡುಕಿ ಹಾಕ್ಕೊಂಡಿದ್ದು ಅಂತ ಅರ್ಥ. ಪ್ರಿಂಟರ್ ನಿದ್ದೆಗೆ ಹೋಗಿ ಎದ್ರೆ, ಇಲ್ಲಾ ನೆಟ್‌ವರ್ಕ್‌ನ ಬೇರೆ ಭಾಗದಲ್ಲಿದ್ರೆ ಇದು ಸುಮ್ನೆ ಆಫ್‌ಲೈನ್ ತೋರಿಸುತ್ತೆ. ರೌಟರ್‌ನಲ್ಲಿ ಆ ಪ್ರಿಂಟರ್‌ಗೆ ಒಂದು ಐಪಿ ಖಾಯಂ ಮಾಡಿ, ಸ್ಟ್ಯಾಂಡರ್ಡ್ ಟಿಸಿಪಿ ಐಪಿ ಪೋರ್ಟ್ ಹಾಕಿ, ರಾ ಮೋಡ್, ಪೋರ್ಟ್ ನಂಬರ್ 9100. ಅದೇ ಕಿಟಕೀಲಿ ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್ ಅಂತ ಒಂದು ಟಿಕ್ ಇರುತ್ತೆ, ಎಸ್‌ಎನ್‌ಎಂಪಿ ಅಂದ್ರೆ ನೆಟ್‌ವರ್ಕ್ ಮೂಲಕ ಪ್ರಿಂಟರ್ ಸ್ಥಿತಿ ಕೇಳೋ ವಿಧಾನ. ಪ್ರಿಂಟರ್‌ನಲ್ಲಿ ಎಸ್‌ಎನ್‌ಎಂಪಿ ಆಫ್ ಆಗಿದ್ರೆ, ಇಲ್ಲಾ ಮಧ್ಯೆ ಫೈರ್‌ವಾಲ್ ತಡೀತಿದ್ರೆ ವಿಂಡೋಸ್‌ಗೆ ಉತ್ತರ ಬರದೇ ಪ್ರಿಂಟರ್ ಸತ್ತಿದೆ ಅನ್ಕೊಳ್ಳುತ್ತೆ. ಆ ಟಿಕ್ ತೆಗೆದ್ರೆ ಸುಳ್ಳು ಆಫ್‌ಲೈನ್ ಎಷ್ಟೋ ಕಡಿಮೆ ಆಗುತ್ತೆ.

ಹಳೇ_ಅಡ್ಮಿನ್:
ಪಿಡಿಎಫ್ ಡೀಫಾಲ್ಟ್ ಮಾಡಿದ್ದು ತಾತ್ಕಾಲಿಕ, ಕಂಟ್ರೋಲ್ ಪಿ ಒತ್ತಿ ಆ ಪ್ರಿಂಟರ್ ಆರಿಸಿದ್ರೆ ಮತ್ತೆ ಅದೇ ಡಿಎಲ್‌ಎಲ್ ಬರುತ್ತೆ, ಹಾಗಾಗಿ ಡ್ರೈವರ್ ಬದಲಾಗಲೇಬೇಕು. ಇಲ್ಲಿ ಬಹಳ ಜನ ಎಡವೋದು ಒಂದೇ ಜಾಗದಲ್ಲಿ. ಪ್ರಿಂಟರ್ ಐಕಾನ್ ರಿಮೂವ್ ಮಾಡಿದ್ರೆ ಡ್ರೈವರ್ ಹೋಗಲ್ಲ, ಮತ್ತೆ ಪ್ರಿಂಟರ್ ಸೇರಿಸಿದಾಗ ಅದೇ ಹಳೇ ಪ್ಯಾಕೇಜ್ ಬಂದು ಕೂರುತ್ತೆ. ಅದಕ್ಕೆ ಮೊದಲು ಐಕಾನ್ ರಿಮೂವ್ ಮಾಡಿ, ಸ್ಪೂಲರ್ ರೀಸ್ಟಾರ್ಟ್ ಮಾಡಿ, ಆಮೇಲೆ ರನ್ ಬಾಕ್ಸ್‌ನಲ್ಲಿ ಪ್ರಿಂಟ್‌ಯುಐ ಅಂತ ಟೈಪ್ ಮಾಡಿ ಸ್ಪೇಸ್ ಕೊಟ್ಟು ಸ್ಲ್ಯಾಶ್ ಎಸ್, ಮತ್ತೆ ಸ್ಪೇಸ್ ಕೊಟ್ಟು ಸ್ಲ್ಯಾಶ್ ಟಿ2 ಹಾಕಿ ಎಂಟರ್ ಕೊಡಿ, ಎಲ್ಲಾ ಇಂಗ್ಲಿಷ್ ಅಕ್ಷರದಲ್ಲೇ. ಪ್ರಿಂಟ್ ಸರ್ವರ್ ಪ್ರಾಪರ್ಟೀಸ್‌ನ ಡ್ರೈವರ್ಸ್ ಟ್ಯಾಬ್ ನೇರವಾಗಿ ತೆಗೆಯುತ್ತೆ. ಆ ಡ್ರೈವರ್ ಸೆಲೆಕ್ಟ್ ಮಾಡಿ ರಿಮೂವ್ ಅಂದ್ರೆ ಎರಡು ಆಯ್ಕೆ ಕೇಳುತ್ತೆ, ಡ್ರೈವರ್ ಮಾತ್ರಾನಾ, ಪ್ಯಾಕೇಜ್ ಸಮೇತಾನಾ ಅಂತ. ಪ್ಯಾಕೇಜ್ ಸಮೇತ ಅಂತಾನೇ ಕೊಡಿ. ಡ್ರೈವರ್ ಬಳಕೆಯಲ್ಲಿದೆ ಅಂತ ಬೈದ್ರೆ ವರ್ಡ್, ಎಕ್ಸೆಲ್, ಬ್ರೌಸರ್ ಎಲ್ಲಾ ಕ್ಲೋಸ್ ಮಾಡಿ ಸ್ಪೂಲರ್ ಇನ್ನೊಂದ್ಸಲ ರೀಸ್ಟಾರ್ಟ್ ಮಾಡಿ ತಕ್ಷಣ ತೆಗೀರಿ.

ಆಮೇಲೆ ಅದೇ ಪ್ರಿಂಟರ್‌ಗೆ ತಯಾರಕರು ಕೊಡೋ ಬೇರೆ ಥರದ ಡ್ರೈವರ್ ಹಾಕಿ ನೋಡಿ. ಈಗ ಯೂನಿವರ್ಸಲ್ ಡ್ರೈವರ್ (ಆ ಕಂಪನಿಯ ಹಲವು ಮಾಡೆಲ್‌ಗೆ ಆಗೋದು) ಇದ್ರೆ ಆ ಮಾಡೆಲ್‌ಗೇ ಅಂತ ಇರೋ ಪಿಸಿಎಲ್6, ಪಿಸಿಎಲ್6 ಇದ್ರೆ ಪೋಸ್ಟ್‌ಸ್ಕ್ರಿಪ್ಟ್, ಇವೆರಡೂ ಪೇಜ್ ಹೇಗಿರಬೇಕು ಅಂತ ಪ್ರಿಂಟರ್‌ಗೆ ಹೇಳೋ ಬೇರೆ ಬೇರೆ ಭಾಷೆಗಳು. ಸ್ಟೇಪಲ್ಲು, ಪಿನ್ ನಂಬರ್ ಹಾಕಿ ಪ್ರಿಂಟ್ ತೆಗೆಯೋದು ಇಂಥದ್ದೆಲ್ಲಾ ಬೇಡ ಅಂದ್ರೆ ವಿಂಡೋಸ್‌ನಲ್ಲೇ ಬರೋ ಐಪಿಪಿ ಕ್ಲಾಸ್ ಡ್ರೈವರ್ (ಹಲವು ಕಂಪನಿ ಪ್ರಿಂಟರ್‌ಗೆ ಆಗೋ ಮೈಕ್ರೋಸಾಫ್ಟ್‌ದೇ ಡ್ರೈವರ್) ನನ್ನ ಪ್ರಕಾರ ಎಲ್ಲಕ್ಕಿಂತ ವಾಸಿ, ಅದರಲ್ಲಿ ತಯಾರಕರ ಡಿಎಲ್‌ಎಲ್ ಎಕ್ಸೆಲ್ ಒಳಗೆ ಬರೋ ಪ್ರಶ್ನೇನೇ ಇಲ್ಲ. ಮೈಕ್ರೋಸಾಫ್ಟ್ ಕೂಡ ಬೇರೆ ಕಂಪನಿಗಳ ಪ್ರಿಂಟರ್ ಡ್ರೈವರ್‌ಗಳನ್ನ ವಿಂಡೋಸ್ ಅಪ್‌ಡೇಟ್ ಮೂಲಕ ಕೊಡೋದನ್ನ ಹಂತ ಹಂತವಾಗಿ ನಿಲ್ಲಿಸ್ತೀವಿ ಅಂತ 2023ರಲ್ಲೇ ಹೇಳಿದೆ.

ಕೆಲವರು ಡ್ರೈವರ್ ಐಸೊಲೇಶನ್ ಆನ್ ಮಾಡಿ ಅಂತಾರೆ. ವಿಂಡೋಸ್ 7 ಕಾಲದಿಂದ ಇರೋ ಸೌಲಭ್ಯ ಅದು, ಡ್ರೈವರ್ ಅನ್ನ ಸ್ಪೂಲರ್ ಇಂದ ಬೇರೆ ಪ್ರೋಸೆಸ್‌ನಲ್ಲಿ ಓಡಿಸುತ್ತೆ. ಸ್ಪೂಲರ್ ಬೀಳ್ತಿದ್ರೆ ಖಂಡಿತ ಉಪಯೋಗ. ನಿಮ್ಮಲ್ಲಿ ಬೀಳ್ತಿರೋದು ಎಕ್ಸೆಲ್ಲು, ಅಲ್ಲಿಗೆ ಬರೋ ಡಿಎಲ್‌ಎಲ್‌ನ ಅದು ತಡೆಯಲ್ಲ.

ಪ್ರಿಂಟ್ ಸರ್ವರ್ (ಎಲ್ಲರಿಗೂ ಪ್ರಿಂಟರ್ ಹಂಚೋ ಒಂದು ಕಂಪ್ಯೂಟರ್) ಮೂಲಕ ಶೇರ್ ಮಾಡಿರೋ ಆಫೀಸ್‌ನೋರು ಯಾರಾದ್ರೂ ಇದನ್ನ ಓದ್ತಿದ್ರೆ ಗಮನಿಸಿ, ಸರ್ವರ್‌ನಲ್ಲಿ ಡ್ರೈವರ್ ಬದಲಾಯಿಸದೇ ಬರೀ ನಿಮ್ಮ ಸಿಸ್ಟಮ್‌ನಲ್ಲಿ ಬದಲಾಯಿಸಿದ್ರೆ ಸರ್ವರ್ ತನ್ನದನ್ನೇ ಮತ್ತೆ ತಳ್ಳುತ್ತೆ. 2021ರ ಪ್ರಿಂಟ್‌ನೈಟ್‌ಮೇರ್ (ಸ್ಪೂಲರ್‌ನಲ್ಲಿ ಸಿಕ್ಕ ಭದ್ರತಾ ದೋಷ) ಗಲಾಟೆ ಆದ್ಮೇಲೆ ಆ ವರ್ಷದ ಆಗಸ್ಟ್ ಅಪ್‌ಡೇಟ್ ಇಂದ ಹಾಗೆ ಬರೋ ಡ್ರೈವರ್ ಹಾಕೋಕೆ ಅಡ್ಮಿನ್ ಪಾಸ್‌ವರ್ಡ್ ಬೇಕು. ಆ ತಡೆಯನ್ನ ರಿಜಿಸ್ಟ್ರಿಯಲ್ಲಿ ಆಫ್ ಮಾಡೋ ಉಪಾಯ ನೆಟ್‌ನಲ್ಲಿ ಸಿಗುತ್ತೆ, ದಯವಿಟ್ಟು ಮಾಡ್ಬೇಡಿ, ಸಾಮಾನ್ಯ ಯೂಸರ್ ಸಿಸ್ಟಮ್ ಪೂರ್ತಿ ಕೈವಶ ಮಾಡ್ಕೊಳ್ಳೋಕೆ ದಾರಿ ಆಗಿದ್ದ ಬಾಗಿಲು ಅದು.

ಲೆಕ್ಕದ_ಟೇಬಲ್:
ಒಂದು ಸಿಸ್ಟಮ್‌ನಲ್ಲಿ ಪ್ಯಾಕೇಜ್ ಸಮೇತ ತೆಗೆದು ಪಿಸಿಎಲ್6 ಹಾಕಿ ಟಿಸಿಪಿ ಪೋರ್ಟ್ ಕೊಟ್ಟಿದೀನಿ, ಸಂಬಳದ ಫೈಲ್ ಹೊಸದಾಗಿ ಸೇವ್ ಮಾಡಿದ್ದೂ ಓಪನ್ ಆಗ್ತಿದೆ, ಪ್ರಿಂಟೂ ಬರ್ತಿದೆ. ಉಳಿದವಕ್ಕೆ ಇವತ್ತು ನಾಳೆ ಮಾಡ್ತೀನಿ. ಇನ್ನೊಂದು ಕೇಳ್ಬೇಕಿತ್ತು, ಪೇ ಸ್ಲಿಪ್ ಮಾಡೋ ಮ್ಯಾಕ್ರೋ ಒಂದಿದೆ, ಪ್ರತಿ ಶೀಟಿಗೂ ಮಾರ್ಜಿನ್, ಹೆಡರ್ ಎಲ್ಲಾ ಸೆಟ್ ಮಾಡುತ್ತೆ, ಹೊಸ ಪ್ರಿಂಟರ್ ಬಂದ್ಮೇಲೆ ಅದು ತುಂಬಾ ನಿಧಾನ ಆಗಿದೆ, ಇದೂ ಅದಕ್ಕೇ ಸಂಬಂಧಾನಾ?

ಸ್ಪೂಲರ್_ಸ್ನೇಹಿತ:
ಹೌದು ಮೇಡಂ, ಅದೇ ಸಂಬಂಧ. ಮ್ಯಾಕ್ರೋದಲ್ಲಿ ಪೇಜ್‌ಸೆಟಪ್ ಅಂತ ಬರೋ ಒಂದೊಂದು ಸಾಲಿಗೂ ಎಕ್ಸೆಲ್ ಡ್ರೈವರ್ ಹತ್ರ ಹೋಗಿ ಬರುತ್ತೆ. ಎಡ ಮಾರ್ಜಿನ್‌ಗೆ ಒಂದ್ಸಲ, ಬಲಕ್ಕೆ ಒಂದ್ಸಲ, ಹೆಡರ್‌ಗೆ ಒಂದ್ಸಲ. ಉತ್ತರ ಕೊಡೋಕೆ ಡ್ರೈವರ್ ತಡ ಮಾಡಿದಷ್ಟೂ ಮ್ಯಾಕ್ರೋ ಎಳೆಯುತ್ತೆ. ಎಕ್ಸೆಲ್ 2010 ಇಂದ ಇದಕ್ಕೆ ಪರಿಹಾರ ಇದೆ, ಪೇಜ್‌ಸೆಟಪ್ ಸಾಲುಗಳು ಶುರುವಾಗೋಕ್ ಮುಂಚೆ ಅಪ್ಲಿಕೇಶನ್ ಡಾಟ್ ಪ್ರಿಂಟ್‌ಕಮ್ಯೂನಿಕೇಶನ್ ಅನ್ನ ಫಾಲ್ಸ್ ಮಾಡಿ, ಎಲ್ಲಾ ಸೆಟ್ ಆದ್ಮೇಲೆ ಟ್ರೂ ಮಾಡಿ, ಆಗ ಎಲ್ಲಾ ಸೇರಿ ಒಂದೇ ಸಲ ಹೋಗುತ್ತೆ. ಮಧ್ಯೆ ಎರರ್ ಬಂದು ಮ್ಯಾಕ್ರೋ ನಿಂತ್ರೂ ಟ್ರೂ ಆಗೋ ಹಾಗೆ ಎರರ್ ಹ್ಯಾಂಡ್ಲರ್‌ನಲ್ಲೂ ಆ ಸಾಲು ಇರಲಿ. ಮ್ಯಾಕ್ರೋ ನೀವು ಬರೆದಿದ್ದಲ್ಲ ಅಂದ್ರೆ ಆ ಭಾಗ ಮಾತ್ರ ಇಲ್ಲಿ ಹಾಕಿ, ಸಂಬಳದ ಅಂಕಿ, ಹೆಸರು ಯಾವುದೂ ಬೇಡ, ಎಲ್ಲಿ ಸೇರಿಸ್ಬೇಕು ಅಂತ ತೋರಿಸ್ತೀನಿ.