ದಾಕ್ಷಿಣ್ಯಕ್ಕೆ ಒಪ್ಪಿ, ಆಮೇಲೆ ಕೂಗಾಡುವುದು: ಈ ಅಭ್ಯಾಸ ಹೇಗೆ ಬಿಟ್ಟಿರಿ?

ಕೇಳಿದವರು
ನನಗೆ ಇರುವುದು ಎರಡೇ ಗೇರು. ಸುಮ್ಮನಿರುವುದು, ಇಲ್ಲಾಂದ್ರೆ ಕೂಗಾಡುವುದು. ಹುಬ್ಬಳ್ಳಿಯಲ್ಲಿ ಒಂದು ಹೋಲ್‌ಸೇಲ್ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಹಿಂದಿನ ತಿಂಗಳ ಮಾರಾಟದ ಬಿಲ್ಲುಗಳನ್ನೆಲ್ಲ ತೋರಿಸುವ ತೆರಿಗೆ ರಿಟರ್ನ್, ಅಂದರೆ ಜಿಎಸ್‌ಟಿಆರ್-1, ಹಾಕಲು 11 ಕೊನೆಯ ದಿನ. ನಮ್ಮ ಸೇಲ್ಸ್ ಹುಡುಗ ತನ್ನ ಬಿಲ್ ಪುಸ್ತಕ ತರುವುದು 10ರ ಸಂಜೆ ಆರಕ್ಕೆ. ಎಂಟು ತಿಂಗಳು "ಇರಲಿ ಬಿಡು" ಅಂದೆ. ಕಳೆದ ತಿಂಗಳು ಪುಸ್ತಕ ಎತ್ತಿ ಎಸೆದುಬಿಟ್ಟೆ, ಗಿರಾಕಿಗಳ ಮುಂದೆಯೇ. ಈಗ ಅಂಗಡಿಯವರೆಲ್ಲ ನನ್ನನ್ನೇ ಸಿಡುಕ ಅನ್ನುತ್ತಾರೆ, ಅವನು ಪಾಪದವನು. ನಿಮ್ಮ ಅನುಭವ ಹೇಳಿ.

ಲೆಕ್ಕದ ಅಕ್ಕ
ಅಯ್ಯೋ, ಇದು ನನ್ನದೇ ಕಥೆ. ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದ್ದೇನೆ. ನನ್ನ ಕಾಯಿಲೆಯ ಹೆಸರು "ನೋಡೋಣ". ಯಾರು ಏನು ಕೇಳಿದರೂ "ನೋಡೋಣ" ಅನ್ನುತ್ತಿದ್ದೆ. ನನ್ನ ಲೆಕ್ಕದಲ್ಲಿ ಅದು "ಆಗಲ್ಲ". ಕೇಳಿದವರ ಕಿವಿಗೆ ಅದು "ಆಯ್ತು". ಅವರ ತಪ್ಪೇನೂ ಇಲ್ಲ, ನಾನು ಹೇಳಿದ್ದೇ ಹಾಗೆ. ದಾಕ್ಷಿಣ್ಯಕ್ಕೆ ಬಸುರಾಗುವುದು ಅಂತಾರಲ್ಲ, ಅದೇ.

ನಾನು ಮಾಡಿದ್ದು ಹೇಳುತ್ತೇನೆ. ಮೊದಲು ಮಾತಾಡುವ ದಿನ ಬದಲಿಸಿದೆ. 10ನೇ ತಾರೀಖು ಸಂಜೆ, ಕೈಯಲ್ಲಿ ಕೆಲಸ, ತಲೆಯಲ್ಲಿ ಬಿಸಿ ಇರುವಾಗ ಮಾತಾಡಿದರೆ ಅದು ಜಗಳವೇ ಆಗುತ್ತದೆ. 2ನೇ ತಾರೀಖು, ಚಹಾ ಕುಡಿಯುವಾಗ ನಮ್ಮ ಸೇಲ್ಸ್ ಹುಡುಗನಿಗೆ ಹೇಳಿದೆ: "8ರೊಳಗೆ ಬಿಲ್ ಕೊಟ್ಟರೆ ನಾನೇ ಎಂಟ್ರಿ ಮಾಡ್ತೀನಿ. ಆಮೇಲೆ ತಂದರೆ ನೀನು ಪಕ್ಕದಲ್ಲಿ ಕೂತು ಒಂದೊಂದೇ ಓದಿ ಹೇಳಬೇಕು, ಮುಗಿಯೋವರೆಗೆ ಮನೆಗೆ ಹೋಗೋ ಹಾಗಿಲ್ಲ." ಅದಕ್ಕೂ ಮೊದಲು ಮಾಲೀಕರಿಗೆ ಒಂದು ಮಾತು ಹಾಕಿದ್ದೆ, ಇಲ್ಲದಿದ್ದರೆ ಅವನು ಅಲ್ಲಿಗೇ ಓಡುತ್ತಿದ್ದ. ಕಾರಣವನ್ನೂ ಹೇಳಿದೆ, ಒಂದೇ ಸಲ: 11ರೊಳಗೆ ಹೋಗದ ಬಿಲ್ ಗಿರಾಕಿಗೆ 14ಕ್ಕೆ ಬರುವ 2ಬಿಯಲ್ಲಿ, ಅಂದರೆ ಅವರ ಖರೀದಿಯ ಜಿಎಸ್‌ಟಿ ಪಟ್ಟಿಯಲ್ಲಿ, ಕಾಣುವುದಿಲ್ಲ, ಅವರ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟುವುದರಲ್ಲಿ ಕಳೆದುಕೊಳ್ಳುವುದು) ನಿಂತುಹೋಗುತ್ತದೆ, ಬೈಗುಳದ ಫೋನು ಬರುವುದು ನನಗೆ.

ಅವನು ನಕ್ಕ. "ಏನ್ ಮೇಡಂ, ದೊಡ್ಡ ಮನುಷ್ಯರಾಗ್ಬಿಟ್ರಿ." ನನ್ನ ಕಾಲು ನಡುಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಹಳೆಯ ನಾನಾಗಿದ್ದರೆ "ತಮಾಷೆಗೆ ಹೇಳಿದೆ ಮಾರಾಯ" ಅಂತ ನುಂಗಿಕೊಳ್ಳುತ್ತಿದ್ದೆ, ಇಲ್ಲ ಅವನ ಹಳೆಯ ತಪ್ಪುಗಳನ್ನೆಲ್ಲ ಎಣಿಸಿ ಹೇಳುತ್ತಿದ್ದೆ. ಎರಡೂ ಮಾಡಲಿಲ್ಲ. "8 ಅಷ್ಟೇ" ಅಂದೆ. ಅವನು ಮತ್ತೇನೋ ಅಂದ. "8" ಅಂದೆ. ಆ ತಿಂಗಳು ಅವನು 10ಕ್ಕೇ ತಂದ, ಬೇಕಂತಲೇ. ಪಕ್ಕದಲ್ಲಿ ಕುರ್ಚಿ ಹಾಕಿದೆ. ರಾತ್ರಿ ಒಂಬತ್ತೂವರೆವರೆಗೆ ಓದಿದ. ಅವನ ಅಕ್ಷರ ಅವನಿಗೇ ಓದಲು ಬರುತ್ತಿರಲಿಲ್ಲ! ಮುಂದಿನ ತಿಂಗಳು 7ಕ್ಕೆ ಪುಸ್ತಕ ಬಂತು.

ಕುರ್ಚಿ ಹಾಕದೆ ಹೋಗಿದ್ದರೆ ನಾನು ಹೇಳಿದ್ದಕ್ಕೆ ಮೂರು ಕಾಸಿನ ಬೆಲೆ ಇರುತ್ತಿರಲಿಲ್ಲ. ಮಾಡಲಾಗದ್ದನ್ನು ಬಾಯಲ್ಲಿ ಹೇಳಬೇಡಿ. "ಕೆಲಸ ಬಿಡ್ತೀನಿ" ಅಂತೆಲ್ಲ.

ದಾರಿಹೋಕ
ಎಸೆದಿದ್ದಕ್ಕೆ ಮೊದಲು ಸಾರಿ ಕೇಳಿ. "ಪುಸ್ತಕ ಎಸೆದದ್ದು ನನ್ನ ತಪ್ಪು. ಲೇಟ್ ಆಗಿ ತರೋದು ನಿನ್ನ ತಪ್ಪು." ಎರಡೂ ವಾಕ್ಯ ಹೇಳಬೇಕು. ನಾನು ಒಮ್ಮೆ ಮೊದಲನೆಯದು ಮಾತ್ರ ಹೇಳಿ ಬಂದೆ, ಮತ್ತೆ ಅದೇ ಗುಂಡಿಗೆ ಬಿದ್ದೆ.

ಬಾಡಿಗೆ ಮನೆ
ನನ್ನದು ಬೆಂಗಳೂರಿನ ಅಡ್ವಾನ್ಸ್ ಕಥೆ. ಹತ್ತು ತಿಂಗಳ ಬಾಡಿಗೆ ಮುಂಗಡ ಕೊಟ್ಟು ಸೇರಿದ್ದೆ. ಬಿಡುವಾಗ ಓನರ್ ಪೇಂಟಿಂಗ್ ಅಂತ ಒಂದು ತಿಂಗಳದ್ದು ಹಿಡಿದರು. ಅದು ಕರಾರಿನಲ್ಲೇ ಇತ್ತು, ಒಪ್ಪಿದೆ. ಮೇಲೆ ಕ್ಲೀನಿಂಗು, ನಲ್ಲಿ, ಬಾಗಿಲು ಅಂತ ಇನ್ನೂ ಹದಿನೆಂಟು ಸಾವಿರ. ಎದುರಿಗೆ "ಸರಿ ಸರ್" ಅಂದು ಬಂದೆ. ರಾತ್ರಿ ಹನ್ನೆರಡೂವರೆಗೆ ಕೂತು ಅವರ ವಂಶವನ್ನೆಲ್ಲ ಜಾಲಾಡಿ ವಾಟ್ಸಾಪ್‌ನಲ್ಲಿ ಉದ್ದದ ಮೆಸೇಜ್ ಟೈಪ್ ಮಾಡಿದೆ. ಪುಣ್ಯಕ್ಕೆ ಕಳಿಸುವ ಮುಂಚೆ ನಿದ್ದೆ ಬಂತು. ಬೆಳಿಗ್ಗೆ ಓದಿ ನನಗೇ ನಾಚಿಕೆಯಾಯಿತು. ಅಳಿಸಿ ನಾಲ್ಕು ಸಾಲು ಬರೆದೆ: ಪೇಂಟಿಂಗ್ ಕರಾರಿನಲ್ಲಿದೆ, ಒಪ್ಪುತ್ತೇನೆ. ಉಳಿದದ್ದು ಕರಾರಿನಲ್ಲಿಲ್ಲ. ಸೇರಿದ ದಿನದ ಫೋಟೋ ಕಳಿಸಿದ್ದೇನೆ, ನಲ್ಲಿ ಆಗಲೇ ಸೋರುತ್ತಿತ್ತು. ಶನಿವಾರದೊಳಗೆ ಬಾಕಿ ಹಣ ಹಾಕಿ.

ಪೂರ್ತಿ ಬರಲಿಲ್ಲ. ಐದು ಸಾವಿರ ಹೋಯಿತು. ಆದರೆ ಹದಿಮೂರು ಬಂತು, ಮೊನ್ನೆ ಸಿಕ್ಕಾಗ ಅವರೇ ಕರೆದು ಮಾತಾಡಿಸಿದರು. ಆ ಮೊದಲಿನ ಮೆಸೇಜ್ ಹೋಗಿದ್ದರೆ ಎರಡೂ ಇಲ್ಲ.

ನೈಟ್ ಡ್ಯೂಟಿ
ಎಲ್ಲರೂ ಸುಲಭವಾಗಿ ಹೇಳುತ್ತಿದ್ದೀರಿ. ಗಂಡಸು ನೇರ ಮಾತಾಡಿದರೆ "ಖಡಕ್ ಮನುಷ್ಯ", ಸೊಸೆ ಅದನ್ನೇ ಹೇಳಿದರೆ "ಬಾಯಿ ಜೋರು". ನಾನು ದಾವಣಗೆರೆಯಲ್ಲಿ ನರ್ಸ್. ಭಾನುವಾರ ಬೆಳಿಗ್ಗೆ ಡ್ಯೂಟಿ ಮುಗಿಸಿ ಬಂದರೆ ಮನೆಯಲ್ಲಿ ಹತ್ತು ಜನ ನೆಂಟರು, ನನಗೆ ಹೇಳದೆ ಕರೆದಿರುತ್ತಿದ್ದರು. ವರ್ಷಗಟ್ಟಲೆ ಪಾತ್ರೆ ಕುಕ್ಕಿಯೇ ನನ್ನ ಸಿಟ್ಟು ತೋರಿಸಿದ್ದೇನೆ. ಅದೂ ಕೂಗಾಟವೇ, ಬಾಯಿಲ್ಲದ ಕೂಗಾಟ.

ಕೊನೆಗೆ ಒಂದು ಬುಧವಾರ ಅತ್ತೆಗೆ ಹೇಳಿದೆ: "ನೆಂಟರು ಬರಲಿ. ನಾನು ಹನ್ನೆರಡರವರೆಗೆ ಮಲಗ್ತೀನಿ. ಅಡುಗೆ ನನ್ನಿಂದ ಆಗಲ್ಲ, ಎದ್ದು ಬಡಿಸ್ತೀನಿ." ನಾಲ್ಕು ದಿನ ಅತ್ತೆ ಮಾತಾಡಲಿಲ್ಲ. ಹೇಳುವುದಕ್ಕಿಂತ ಆ ನಾಲ್ಕು ದಿನ ಕಳೆಯುವುದೇ ಕಷ್ಟವಾಯಿತು ನನಗೆ, ಎಷ್ಟು ಸಲ ಅನ್ನಿಸಿತು ಹೋಗಿ "ಇರಲಿ ಅತ್ತೆ, ಮಾಡ್ತೀನಿ" ಅಂದುಬಿಡೋಣ ಅಂತ, ಗಂಡನೂ ಹಾಗೇ ಮುಖ ಮಾಡಿಕೊಂಡು ಓಡಾಡುತ್ತಿದ್ದರು. ಹೋಗಲಿಲ್ಲ. ಆದರೆ ಬೇರೆ ಮಾತು ನಿಲ್ಲಿಸಲಿಲ್ಲ. ಕಾಫಿ ಕೊಟ್ಟೆ, ಬಿಪಿ ಮಾತ್ರೆ ಕೊಟ್ಟೆ. ಐದನೇ ದಿನ ಅವರೇ ಕೇಳಿದರು, "ಈ ವಾರ ಯಾವ ಪಾಳಿ?" ಅಂತ. ಈಗಲೂ ಹಿಂದಿನಿಂದ ಬಾಯಿ ಜೋರು ಅನ್ನುತ್ತಾರೆ. ಅನ್ನಲಿ.

ಇನ್ನೊಬ್ಬರು
ಮಾತಾಡಲು ಹೋದರೆ ಗಂಟಲು ಕಟ್ಟುತ್ತೆ, ಎದೆ ಹೊಡೆದುಕೊಳ್ಳುತ್ತೆ ಅನ್ನುವವರಿದ್ದರೆ ಕೌನ್ಸೆಲರ್ ಹತ್ತಿರ ಹೋಗಿ. ಕೂಗಾಡದೆ ನೇರವಾಗಿ ಹೇಳುವುದು ಅಭ್ಯಾಸದಿಂದ ಬರುವ ವಿದ್ಯೆ, ಜೋಸೆಫ್ ವೋಲ್ಪಿ ಅನ್ನುವ ಮನೋವೈದ್ಯರು 1950ರ ದಶಕದಲ್ಲೇ ಆತಂಕದ ಚಿಕಿತ್ಸೆಗೆ ಇದನ್ನು ಬಳಸಿದ್ದರು. ನನಗೆ ಕೌನ್ಸೆಲರ್ ಮಾಡಿಸಿದ್ದು ನಾಟಕ: ಅವರು ನನ್ನ ಬಾಸ್, ನಾನು ನಾನೇ. ಮೊದಲ ಸಲ ನಕ್ಕುಬಿಟ್ಟೆ, ಮೂರನೇ ಸಲಕ್ಕೆ ದನಿ ಗಟ್ಟಿಯಾಯಿತು. ದುಡ್ಡಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಇವತ್ತು 3ನೇ ತಾರೀಖು, ಬೆಳಿಗ್ಗೆ ಹೇಳಿದೆ. ಮೊದಲು ಸಾರಿ, ಆಮೇಲೆ 8ರ ವಿಷಯ. ಮನೆಯಲ್ಲಿ ಕನ್ನಡಿ ಮುಂದೆ ಆರು ಸಲ ಹೇಳಿಕೊಂಡು ಹೋಗಿದ್ದೆ, ಆದರೂ ಅರ್ಧ ಮರೆತುಹೋಯಿತು. ಅವನು ಏನಂದ ಗೊತ್ತಾ? "ನೋಡೋಣ ಬಿಡ್ರಿ." ನಗು ತಡೆದುಕೊಂಡು "ನೋಡೋಣ ಬ್ಯಾಡ, ತಾರೀಖು ಹೇಳು" ಅಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ "ಎಂಟು" ಅಂದ. ಪಕ್ಕದ ಕುರ್ಚಿ ಮಾತ್ರ ಈಗಲೇ ಒರೆಸಿ ಇಟ್ಟಿದ್ದೇನೆ.