ಸೊಪ್ಪಿನ ಬೆಟ್ಟದ ಹನ್ನೊಂದು ದಿಬ್ಬಗಳು

ಗುಂಪು: ಹಳೇಮನೆ ಬಳಗ
ಭಾನುವಾರ

ಸುಧಾಕರ: (ನಾಲ್ಕು ಫೋಟೊ) ಉದುರಿದ ಒಣ ಎಲೆ, ಅದೇ ದರಕು, ಗುಡಿಸಿ ತರಲು ಸೊಪ್ಪಿನ ಬೆಟ್ಟಕ್ಕೆ ಬಂದಿದ್ದೇನೆ. ಮೇಲಿನ ಸಮತಟ್ಟಿನಲ್ಲಿ ಇಂಥ ಮಣ್ಣಿನ ದಿಬ್ಬಗಳು ಹನ್ನೊಂದು ಇವೆ. ಹೆಚ್ಚಿನವು ಮೊಣಕಾಲೆತ್ತರ, ಒಂದೆರಡು ಸೊಂಟದವರೆಗೆ. ಇಷ್ಟು ವರ್ಷ ಓಡಾಡಿಯೂ ಗಮನಿಸಿರಲಿಲ್ಲ. ಏನಿರಬಹುದು?

ಮಾಲತಿ ಅತ್ತೆ: ಹುತ್ತ. ಇನ್ನೇನು? ಮೂರನೆಯ ಫೋಟೊದಲ್ಲಿ ನಿನ್ನ ಚಪ್ಪಲಿ ಕಾಣುತ್ತಿದೆ. ಮೊದಲು ಅದನ್ನು ಅಳಿಸು.

ರಮೇಶ ಭಾವ: ಒಂದೇ ಕಡೆ ಹನ್ನೊಂದು ಹುತ್ತವೇ? 1763ರಲ್ಲಿ ಹೈದರಾಲಿ ಬಿದನೂರು ಹಿಡಿದಾಗ ಸುತ್ತಲಿನ ಜನ ಒಡವೆ ಹೂತಿಟ್ಟು ಓಡಿದರಂತೆ. ಚಿಕ್ಕಂದಿನಲ್ಲಿ ಕೇಳಿದ್ದೇನೆ.

ಸುಧಾಕರ: ಹೂತಿಟ್ಟವರು ಮೇಲೆ ದಿಬ್ಬ ಕಟ್ಟಿ ಗುರುತು ಕೊಟ್ಟು ಹೋಗುತ್ತಾರೆಯೇ ಭಾವ?

ಚಿನ್ಮಯ: ಗೋರಿಗಳು! ಬೃಹತ್ ಶಿಲಾಯುಗದ್ದು. ಚಿತ್ರದುರ್ಗದ ಕಡೆ ಬ್ರಹ್ಮಗಿರಿಯಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಅಗೆದದ್ದು ಇಂಥವನ್ನೇ.

ವಿನುತಾ: ಇಂಥವನ್ನಲ್ಲ. ಅಲ್ಲಿ ಸುತ್ತ ಗುಂಡುಕಲ್ಲುಗಳ ಬಳೆ, ನಡುವೆ ಚಪ್ಪಡಿ ನಿಲ್ಲಿಸಿ ಮಾಡಿದ ಪೆಟ್ಟಿಗೆ, ಒಂದು ಚಪ್ಪಡಿಗೆ ದುಂಡನೆಯ ಕಿಂಡಿ. ಕೊಪ್ಪಳದ ಹಿರೇಬೆಣಕಲ್ಲಿನಲ್ಲಿ ಚಪ್ಪಡಿಗಳು ನೆಲದ ಮೇಲೆಯೇ ಮನೆಯಂತೆ ನಿಂತಿವೆ. ಊರಿನವರು ಅದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಈ ಫೋಟೊಗಳಲ್ಲಿ ಕಲ್ಲು ಎಲ್ಲಿದೆ, ತೋರಿಸು.

ಚಿನ್ಮಯ: ಒಳಗೆ ಇರಬಹುದಲ್ಲ!

ವಿನುತಾ: ಒಳಗೆ ಆನೆಯೂ ಇರಬಹುದು.

ಮಾಲತಿ ಅತ್ತೆ: ಅರಣ್ಯಶಾಸ್ತ್ರ ಓದಿದವಳು ನೀನೇ ಹೇಳಮ್ಮ. ಹುತ್ತವಲ್ಲ ಎಂದು ಹೇಗೆ ಹೇಳುತ್ತೀಯ?

ವಿನುತಾ: ಅತ್ತೆ, ಗೆದ್ದಲು ಮಣ್ಣನ್ನು ಎಂಜಲಿನಲ್ಲಿ ಕಲಸಿ ಕಟ್ಟುತ್ತದೆ. ಒಣಗಿದರೆ ಹಾರೆ ಹಾಕಿದರೂ ಜಗ್ಗುವುದಿಲ್ಲ. ನಾಲ್ಕನೆಯ ಫೋಟೊ ನೋಡಿ, ಕಾಡುಹಂದಿ ಮೂತಿಯಿಂದಲೇ ದಿಬ್ಬದ ಅರ್ಧ ಮಗ್ಗುಲನ್ನು ಕೆದಕಿಬಿಟ್ಟಿದೆ. ಅಷ್ಟು ಸಡಿಲ. ಅಲ್ಲಿ ಇನ್ನೊಂದು ಸಂಗತಿಯೂ ಇದೆ. ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಹರಳು, ಅದರ ಕೆಳಗೆ ಕಪ್ಪು ಎಲೆಮಣ್ಣಿನ ಗೆರೆ. ನಮ್ಮ ಬೆಟ್ಟದಲ್ಲಿ ಕಪ್ಪು ಮೇಲೆ, ಕೆಂಪು ಕೆಳಗೆ ಇರಬೇಕಲ್ಲವೇ? ಯಾವುದೋ ನೆಲವನ್ನು ಮಗುಚಿಹಾಕಿದೆ.

ರಮೇಶ ಭಾವ: ಯಾವುದೋ ಅಲ್ಲ, ಯಾರೋ. ಹೂತಿಟ್ಟವರು. ನಾನು ಹೇಳಿದ್ದೂ ಅದೇ.

ವಿನುತಾ: ಸುಧಾಕರಣ್ಣ, ಎರಡನೆಯ ಫೋಟೊದಲ್ಲಿ ದಿಬ್ಬದ ಪಕ್ಕದ ದರಕು ತಟ್ಟೆಗೆ ಬಡಿಸಿದ ಹಾಗೆ ಮಟ್ಟಸವಾಗಿದೆ. ಅಲ್ಲಿ ಕೋಲು ಚುಚ್ಚಿ ನೋಡುತ್ತೀಯಾ? ಪ್ರತಿಯೊಂದಕ್ಕೂ. ಯಾವ ದಿಕ್ಕಿಗೆ ಎನ್ನುವುದನ್ನೂ ನೋಡು.

ಸುಧಾಕರ: ಊಟವಾಗಲಿ, ಮತ್ತೆ ಹೋಗುತ್ತೇನೆ.

(ಸಂಜೆ 4.40)

ಸುಧಾಕರ: ಒಂಬತ್ತು ದಿಬ್ಬಗಳ ಪಕ್ಕ ಗುಂಡಿ ಇದೆ. ಕೋಲು ಮೊಣಕಾಲುದ್ದ ಇಳಿಯಿತು. ಒಂಬತ್ತೂ ದಿಬ್ಬದ ಪಶ್ಚಿಮಕ್ಕೆ. ಒಂದೂ ತಪ್ಪಿಲ್ಲ.

ರಮೇಶ ಭಾವ: ಗುಂಡಿ ಇದ್ದರೆ ಯಾರೋ ಅಗೆದಿದ್ದಾರೆ ಎಂದಾಯಿತು. ಮಾಲು ಹೋಯಿತು.

ವಿನುತಾ: ಅಗೆಯುವವರು ಒಂಬತ್ತು ಸಲವೂ ಮಣ್ಣನ್ನು ಪೂರ್ವಕ್ಕೇ ಹಾಕುತ್ತಾರೆಯೇ ಭಾವ? ಅವು ಬಿದ್ದ ಮರಗಳು. ಮುಂಗಾರಿನ ಗಾಳಿ ಪಶ್ಚಿಮದಿಂದ ಬರುತ್ತದೆ, ಮರ ಪೂರ್ವಕ್ಕೆ ಉರುಳುತ್ತದೆ. ಕೆಳಗೆ ಜಂಬಿಟ್ಟಿಗೆ ಇರುವುದರಿಂದ ಬೇರು ಆಳಕ್ಕೆ ಹೋಗದೆ ಚಾಪೆಯಂತೆ ಹರಡಿರುತ್ತದೆ. ಬೀಳುವಾಗ ಆ ಚಾಪೆ ಮಣ್ಣನ್ನು ಅಪ್ಪಿಕೊಂಡೇ ಎದ್ದು ನಿಲ್ಲುತ್ತದೆ. ಎದ್ದ ಜಾಗ ಗುಂಡಿ. ಬೇರು ಕೊಳೆತು ಉದುರಿದ ಮಣ್ಣು ದಿಬ್ಬ. ಅಡಿಯ ಕೆಂಪು ಮೇಲೆ ಬಂದದ್ದೂ ಹೀಗೆ.

ಚಿನ್ಮಯ: ಹಾಗಾದರೆ ದಿಮ್ಮಿ ಎಲ್ಲಿ? ಒಂಬತ್ತು ಮರಗಳೂ ಆವಿಯಾದವೇ?

ಮಾಲತಿ ಅತ್ತೆ: ತಡಿ, ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಅವಳು ಹೇಳಿದ್ದನ್ನೇ ಬರೆಯುತ್ತಿದ್ದೇನೆ: "ನಿಮ್ಮ ದೊಡ್ಡಪ್ಪ ಹೊಟ್ಟೆಯಲ್ಲಿದ್ದ ಆಷಾಢ. ಒಂದೇ ರಾತ್ರಿ ಮೇಲಿನ ತಟ್ಟಿನ ಮತ್ತಿ, ನಂದಿ ಎಲ್ಲ ಮಲಗಿದವು. ದೀಪಾವಳಿ ಕಳೆದ ಮೇಲೆ ಗರಗಸದವರು ಬಂದು ಕೊಯ್ದರು, ಬುಡ ಬಿಟ್ಟು ಹೋದರು. ನೀವು ಮಲಗುವ ಕೋಣೆಯ ಜಂತಿ ಅದೇ ಮರದ್ದು. ಪರವಾನಗಿ ಇತ್ತೇ ಎಂದು ಈಗ ಕೇಳಬೇಡಿ."

ಸುಧಾಕರ: 😂 ತಲೆಯೆತ್ತಿ ಜಂತಿ ನೋಡುತ್ತಿದ್ದೇನೆ.

ಚಿನ್ಮಯ: ಒಂಬತ್ತು ಆಯಿತು. ಉಳಿದ ಎರಡು?

ಸುಧಾಕರ: ಹತ್ತನೆಯದು ಹುತ್ತವೇ. ಕೋಲು ತಾಗಿಸಿದರೆ ಟಣ್ ಎನ್ನುತ್ತದೆ, ಮೇಲೆ ಎರಡು ಬಾಯಿ ಇವೆ.

ಮಾಲತಿ ಅತ್ತೆ: 🙏

ಸುಧಾಕರ: ಹನ್ನೊಂದನೆಯದಕ್ಕೆ ಗುಂಡಿ ಇಲ್ಲ. ಗಟ್ಟಿಯೂ ಅಲ್ಲ. ಅಂಚಿನ ದರಕು ಸರಿಸಿದಾಗ ಕಲ್ಲುಗಳು ಸಿಕ್ಕವು, ಅರ್ಧ ನೆಲದಲ್ಲಿ ಹುಗಿದಿವೆ. ಏಳು ಎಣಿಸಿದೆ. ಬಳೆಯಂತೆ ಸುತ್ತಿವೆ. (ಫೋಟೊ)

ಚಿನ್ಮಯ: ವಿನುತಕ್ಕಾ, ಈಗ ಹೇಳು!

ವಿನುತಾ: ಈಗ ನಾನು ಬಾಯಿ ಮುಚ್ಚುತ್ತೇನೆ. ಅಣ್ಣಾ, ದರಕನ್ನು ಮೊದಲಿದ್ದ ಹಾಗೆಯೇ ಎಳೆದುಬಿಡು.

ರಮೇಶ ಭಾವ: ಮುಚ್ಚುವುದು ಏಕೆ? ರಾತ್ರಿ ಬಸ್ಸಿಗೆ ಹೊರಡುತ್ತೇನೆ. ಗುದ್ದಲಿ ಇದೆಯೋ, ತರಬೇಕೋ?

ವಿನುತಾ: ಬೆಟ್ಟದಲ್ಲಿ ಗುದ್ದಲಿ ಹಾಕಿದರೆ ಅರಣ್ಯದವರು ಕೇಸು ಹಾಕುತ್ತಾರೆ. ಅದು ಗೋರಿಯೇ ಆಗಿದ್ದರೂ ನಿಮಗೆ ಸಿಗುವುದು ಕಪ್ಪು ಕೆಂಪು ಮಡಕೆಯ ಚೂರು, ತುಕ್ಕು ಹಿಡಿದ ಕಬ್ಬಿಣ, ನಾಲ್ಕು ಮೂಳೆ. ಯಾವುದು ಯಾವುದರ ಮೇಲಿತ್ತು ಎನ್ನುವುದೇ ಅಲ್ಲಿಯ ಒಡವೆ. ಒಮ್ಮೆ ಕಲಕಿದರೆ ಹೋಯಿತು. ಪುರಾತತ್ವ ಇಲಾಖೆಗೆ ಇವತ್ತೇ ಬರೆಯುತ್ತೇನೆ. ಈ ಫೋಟೊ ಮಾತ್ರ ಗುಂಪಿನಿಂದ ಆಚೆ ಹೋಗುವುದು ಬೇಡ. ನಿಧಿಗಳ್ಳರು ವೀರಗಲ್ಲನ್ನೇ ಬಿಟ್ಟಿಲ್ಲ.

(ಹತ್ತು ನಿಮಿಷ ಯಾರೂ ಮಾತಿಲ್ಲ)

ಸುಧಾಕರ: ಭಾವ?

ರಮೇಶ ಭಾವ: ಅಪಾರ್ಟ್‌ಮೆಂಟ್ ಗುಂಪಿಗೆ ಕಳಿಸಿಬಿಟ್ಟಿದ್ದೆ. ಈಗ ಅಳಿಸಿದೆ.

ಸುಧಾಕರ: ಎಷ್ಟು ಜನರಿರುವ ಗುಂಪು ಅದು?

ರಮೇಶ ಭಾವ: ಇನ್ನೂರ ಮೂವತ್ತು. ಇಬ್ಬರು ಆಗಲೇ ಏನು, ಎಲ್ಲಿ ಎಂದು ಕೇಳಿದರು.

ವಿನುತಾ: ಏನು ಹೇಳಿದಿರಿ?

ರಮೇಶ ಭಾವ: ಹುತ್ತ ಎಂದೆ.

ಮಾಲತಿ ಅತ್ತೆ: ಬೆಳಿಗ್ಗೆ ನಾನು ಹೇಳಿದಾಗ ಯಾರೂ ಕೇಳಲಿಲ್ಲ.