ಸೈಟೋಕೈನ್‌ಗೆ ‘ಕರೆ’ ಅಂದರೆ ನಡೆಯುತ್ತಾ?

ಎಲ್ಲರಿಗೂ ನಮಸ್ಕಾರ. ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆ ಇರುವವರಿಗೆ ನಾಲ್ಕು ಪುಟದ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಸೈಟೋಕೈನ್ ಹತ್ತಿರ ಗಾಡಿ ನಿಂತಿದೆ: ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಬಿಡುವ ಈ ಪುಟ್ಟ ಪ್ರೋಟೀನಿಗೆ ಕನ್ನಡದಲ್ಲಿ ಏನನ್ನೋಣ? ಕೊರೋನಾ ಕಾಲದಲ್ಲಿ ‘ಸೈಟೋಕೈನ್ ಸ್ಟಾರ್ಮ್’ ಅಂತ ಕೇಳಿದ್ದೆವಲ್ಲ, ಆಗಲೂ ಬಿರುಗಾಳಿ ಅರ್ಥವಾಯಿತೇ ಹೊರತು ಸೈಟೋಕೈನ್ ಆಗಲಿಲ್ಲ.

‘ಸಂದೇಶವಾಹಕ ಅಣು’ ತಪ್ಪಲ್ಲ. ಆದರೆ ವಾಹಕ ಅಂದ ಕೂಡಲೇ ಯಾರದೋ ಪತ್ರ ಹೊತ್ತು ತರುವ ಅಂಚೆಯವನು ಕಣ್ಣಿಗೆ ಬರುತ್ತಾನೆ. ಇಲ್ಲಿ ಪತ್ರವೇ ಇಲ್ಲ, ಆ ಪ್ರೋಟೀನೇ ಸುದ್ದಿ. ಚರ್ಮದೊಳಗೆ ಕಾವಲಿರುವ ಡೆಂಡ್ರೈಟಿಕ್ ಕೋಶಗಳು ಇಂಟರ್‌ಲ್ಯೂಕಿನ್-23 ಅನ್ನುವ ಸೈಟೋಕೈನ್ ಬಿಡುತ್ತವೆ, ಅದು ತಾಗಿದ ಟಿ ಕೋಶಗಳು (ಒಂದು ಬಗೆಯ ಬಿಳಿ ರಕ್ತಕಣ) ಇಂಟರ್‌ಲ್ಯೂಕಿನ್-17 ಅನ್ನುವ ಇನ್ನೊಂದನ್ನು ಬಿಡುತ್ತವೆ, ಅದು ತಾಗಿದ ಮೇಲ್ಪದರದ ಕೋಶಗಳು ಒಂದೇ ಸಮನೆ ಹೆಚ್ಚುತ್ತಾ, ಸುಮ್ನಿರದೆ ತಾವೂ ಏನೇನೋ ಬಿಟ್ಟು ಇನ್ನಷ್ಟು ಬಿಳಿ ರಕ್ತಕಣಗಳನ್ನು ಕರೆಸಿಕೊಳ್ಳುತ್ತವೆ. ಹೆಚ್ಚುಕಡಿಮೆ ಒಂದು ತಿಂಗಳು ಹಿಡಿಯಬೇಕಾದ ಚರ್ಮದ ಕೆಲಸ ಕೆಲವೇ ದಿನದಲ್ಲಿ ಮುಗಿದು, ಬಲಿಯದ ಕೋಶಗಳೇ ಹೊಟ್ಟಾಗಿ ಉದುರುತ್ತವೆ.

ಅದಕ್ಕೇ ನನಗೆ ‘ಕರೆ’ ಹಿಡಿಸಿತು. ‘ಬಾ’ ಅನ್ನುವುದೂ ಕರೆ, ಬಂದ್‌ಗೆ ಕೊಡುವುದೂ ಕರೆ. ಬಿಳಿ ರಕ್ತಕಣಗಳನ್ನು ಬರಿಸುವುದು, ಚರ್ಮದ ಕೋಶಗಳನ್ನು ಎಬ್ಬಿಸುವುದು: ಈ 17 ಮಾಡುವುದೂ ಅದೇ ಎರಡು ಕೆಲಸ ಅಲ್ವಾ?

ಮೊಣಕೈ ಮೇಲೆ ಸೋರಿಯಾಸಿಸ್ ಇರುವ ನಮ್ಮ ಸೋದರತ್ತೆಗೆ ಕರಡು ಓದಲು ಕೊಟ್ಟೆ. ‘ಕರೆ ಹೋದ ಕಡೆಯೆಲ್ಲ ಚರ್ಮ ದಪ್ಪವಾಗುತ್ತದೆ’ ಅನ್ನುವ ಸಾಲಿಗೆ ಕನ್ನಡಕ ಮೇಲೆತ್ತಿ, ‘ಕರೆ ಹೋದ್ಮೇಲೆ ಒಳ್ಳೇದೇ ಆಯ್ತಲ್ಲೋ, ಮತ್ತೆ ದಪ್ಪ ಯಾಕಾಗುತ್ತೆ?’ ಅಂದರು. ಬಟ್ಟೆಗೆ ಹತ್ತುವ ಕರೆ, ಅಂದರೆ ಕಲೆ! ಚರ್ಮದ ಕಾಯಿಲೆಯ ಪುಸ್ತಕದಲ್ಲಿ ಇದಕ್ಕಿಂತ ಕೆಟ್ಟ ಗೊಂದಲ ಬೇಕಾ. ‘ಉರಿಯೂತ’ಕ್ಕೂ ಅವರ ತಕರಾರು ಇದೆ: ‘ನನಗೆ ಉರಿನೂ ಇಲ್ಲ, ಊತನೂ ಇಲ್ಲ, ಹೊಟ್ಟು ಅಷ್ಟೆ.’ ಅದು ಇನ್ನೊಂದು ದಿನಕ್ಕಿರಲಿ.

‘ಸನ್ನೆ’ ಯೋಚಿಸಿದೆ, ಆದರೆ ಸನ್ನೆಗೆ ಕಣ್ಣು ಬೇಕು, ಇದು ತಾಗಿದರೆ ತಿಳಿಯುವಂಥದ್ದು. ಮದ್ದಿನ ಪುಟದಲ್ಲಂತೂ ‘ಕರೆ’ ಬಿಡಲು ಮನಸ್ಸೇ ಇಲ್ಲ. ಸೆಕುಕಿನುಮ್ಯಾಬ್ ಅನ್ನುವ ಮದ್ದು ಇಂಟರ್‌ಲ್ಯೂಕಿನ್-17ನ್ನೇ ಹಿಡಿಯುತ್ತದೆ, ಅಂದರೆ ಕರೆಯನ್ನು ದಾರಿಯಲ್ಲೇ ತಡೆಯುತ್ತದೆ. ಬೆಂಗಳೂರಿನ ಬಯೋಕಾನ್ 2013ರಲ್ಲಿ ತಂದ ಇಟೊಲಿಜುಮ್ಯಾಬ್ ಟಿ ಕೋಶದ ಮೇಲಿನ ಸಿಡಿ6 ಅನ್ನುವ ಪ್ರೋಟೀನನ್ನು ಹಿಡಿಯುತ್ತದೆ, ಅಂದರೆ ಕರೆಯುವವನ ಬಾಯಿಗೇ ಕೈ ಇಡುತ್ತದೆ. ಈ ವ್ಯತ್ಯಾಸ ‘ಸಂದೇಶವಾಹಕ’ದಲ್ಲಿ ಇಷ್ಟು ಸಲೀಸಾಗಿ ಬರಲ್ಲ.

‘ಕರೆಕಣ’ ಅಂದರೆ ಕಲೆಯ ಗೊಂದಲ ಹೋಗುತ್ತಾ, ಜಾಸ್ತಿ ಆಗುತ್ತಾ? ನಿಮ್ಮ ಕಡೆ ಕಲೆಗೆ ಕರೆ ಅನ್ನುತ್ತಾರಾ? ಕರಾವಳಿಯವರಿಗೆ ಕಂಬಳದ ಕೋಣಗಳು ಓಡುವ ಜೋಡುಕರೆಯೂ ಇದೆ, ಧಾರವಾಡದವರ ಕಿವಿಗೆ ನಿಜ ಅನ್ನುವ ಅರ್ಥದ ‘ಖರೆ’ ಬಿದ್ದರೂ ಬಿದ್ದೀತು. ಕರಡು ಶುಕ್ರವಾರ ಅಚ್ಚಿಗೆ ಹೋಗಬೇಕು, ಅಷ್ಟರೊಳಗೆ ಹೇಳಿ.